ಸೊಸೈಟಿ ಪುಸ್ತಕದಲ್ಲಿ ನಿಮ್ಮ ಹೆಸರಿದೆಯೇ?



ಕಳೆದ ಸಂಚಿಕೆಯಲ್ಲಿ ಉಪ್ಸಾರಿನ ಖಾರದ ಬಗ್ಗೆ ಬರೆದಿದ್ದೆ. ಈ ಸಲ ಅಡುಗೆಮನೆ ಬಿಟ್ಟು ಸ್ವಲ್ಪ ಆಚೆ ಬರೋಣ. ನಿಮ್ಮೂರಿನ ಕೃಷಿ ಪತ್ತಿನ ಸಹಕಾರ ಸಂಘ, ಅಂದರೆ ನಾವೆಲ್ಲ ಸೊಸೈಟಿ ಅನ್ನುತ್ತೀವಲ್ಲ, ಅಲ್ಲಿಗೆ ನೀವು ಪಡಿತರದ ಚೀಲ ಹಿಡಿದುಕೊಂಡು ಹೋಗಿರುತ್ತೀರಿ. ಆದರೆ ಅಲ್ಲಿಯ ಸದಸ್ಯರ ಪುಸ್ತಕದಲ್ಲಿ ನಿಮ್ಮ ಹೆಸರಿದೆಯೇ?

ನನ್ನ ನಾದಿನಿಯನ್ನು ಪಿರಿಯಾಪಟ್ಟಣದ ಕಡೆ ಕೊಟ್ಟಿದೆ. ಹೊಗೆಸೊಪ್ಪು, ಶುಂಠಿ, ಸ್ವಲ್ಪ ರಾಗಿ, ನೆಮ್ಮದಿಯ ಸಂಸಾರ. ಮೂರು ವರ್ಷದ ಹಿಂದೆ ಅವಳ ಯಜಮಾನರು ತೀರಿಕೊಂಡರು. ತಿಥಿ ಎಲ್ಲ ಮುಗಿದ ಮೇಲೆ ಬೆಳೆಸಾಲ ಕೇಳೋಕೆ ಸೊಸೈಟಿಗೆ ಹೋದಳು. "ಸದಸ್ಯರು ನಿಮ್ಮ ಯಜಮಾನರು ಕಣಮ್ಮ, ನೀವಲ್ಲ" ಅಂದರು. ಸರಿ, ಷೇರಿಗೆ ನಾಮಿನಿ ಯಾರು ಅಂತ ನೋಡಿಸಿದರೆ, ಮದುವೆಗೆ ಮುಂಚೆ ಬರೆಸಿದ್ದ ಅಣ್ಣನ ಹೆಸರು! ಭಾವ ಒಳ್ಳೆಯವರೇ, ತಕರಾರು ಮಾಡಲಿಲ್ಲ. ಆದರೆ ಪಹಣಿಯೂ ಸತ್ತವರ ಹೆಸರಲ್ಲೇ ಇತ್ತು. ಪೌತಿ ಖಾತೆ ಆಗಬೇಕು, ಹಳೇ ಸಾಲ ತೀರಬೇಕು, ಹೊಸ ಅರ್ಜಿ ಕೊಡಬೇಕು. ಅಷ್ಟರಲ್ಲಿ ಸಸಿ ನಾಟಿ ಹಾಕುವ ಹೊತ್ತು ಬಂತು. ಮಳೆ ಕಾಯುತ್ತದೆಯೇ?

ಕೈಸಾಲ ಮಾಡಿದಳು, ಒಂದು ಲಕ್ಷ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ನೀವೇ ಲೆಕ್ಕ ಹಾಕಿ, ವರ್ಷಕ್ಕೆ 36,000 ರೂಪಾಯಿ. ಸೊಸೈಟಿಯಲ್ಲಾದರೆ 2023ರಿಂದ 5 ಲಕ್ಷದವರೆಗೆ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ, ಗಡುವಿನೊಳಗೆ ಕಟ್ಟಿದರೆ ಸಾಕು. ಅವಳ ಕತ್ತಿನಲ್ಲಿದ್ದ ಎರಡೆಳೆ ಸರ ಆ ವರ್ಷ ಹೋದದ್ದು ಇನ್ನೂ ಬಂದಿಲ್ಲ.

ಈಗ ಅವಳೂ ಸದಸ್ಯೆ. ಅದಕ್ಕೆ ಏನೇನು ಬೇಕಾಯಿತು ಅಂತ ಕೇಳಿ ಬರೆದುಕೊಂಡಿದ್ದೇನೆ. ಹದಿನೆಂಟು ವರ್ಷ ತುಂಬಿರಬೇಕು. ಆ ಸಂಘದ ವ್ಯಾಪ್ತಿಗೆ ಸೇರಿದ ಊರಿನಲ್ಲಿ ವಾಸವಿರಬೇಕು ಅಥವಾ ಜಮೀನಿರಬೇಕು. ಅರ್ಜಿ, ಆಧಾರ್, ಪಹಣಿ, ಫೋಟೋ, ಪ್ರವೇಶ ಶುಲ್ಕ, ಷೇರಿನ ಹಣ. ಷೇರು ಎಷ್ಟು ಅನ್ನುವುದು ಸಂಘದಿಂದ ಸಂಘಕ್ಕೆ ಬೇರೆ, ಅದು ಅವರವರ ಬೈಲಾದಲ್ಲಿರುತ್ತದೆ, ಕೇಳಿದರೆ ತೋರಿಸಬೇಕು. ದುಡ್ಡು ಕೊಟ್ಟ ಕೂಡಲೇ ರಸೀದಿ ಇಸಕೊಳ್ಳಿ. "ನಾಳೆ ಬನ್ನಿ" ಅಂದರೆ ನಾಳೆಯೂ ಹೋಗಿ! ಸರಿಯಾದ ಕಾರಣವಿಲ್ಲದೆ ಅರ್ಜಿ ತಳ್ಳಿಹಾಕುವ ಹಾಗಿಲ್ಲ. ಹಾಕಿದರೆ ಬರವಣಿಗೆಯಲ್ಲಿ ಕೇಳಿ, ಸಹಕಾರ ಇಲಾಖೆಯ ಸಹಾಯಕ ನಿಬಂಧಕರಿಗೆ ದೂರು ಕೊಡಿ.

"ಯಜಮಾನರು ಇದ್ದಾರಲ್ಲ, ನನಗ್ಯಾಕೆ" ಅನ್ನುವವರೂ ಇದ್ದೀರಿ. ಗಂಡ ಸದಸ್ಯನಾದ ಮಾತ್ರಕ್ಕೆ ಹೆಂಡತಿ ಸದಸ್ಯೆ ಆಗುವುದಿಲ್ಲ. ಸದಸ್ಯತ್ವ ಅನ್ನುವುದು ಹಿತ್ತಾಳೆ ಕೊಳಗವಲ್ಲ, ಅತ್ತೆಯಿಂದ ಸೊಸೆಗೆ ತಾನಾಗೇ ಬರೋಕೆ. ಸಾಲಕ್ಕೆ ಜಮೀನಿನ ಕಾಗದ ಬೇಕು, ಅದು ನಿಜ. ಆದರೆ ಠೇವಣಿ, ಯಶಸ್ವಿನಿ ಇಂಥವು ಬೇರೆ. 2003ರಲ್ಲಿ ಜಾರಿಗೆ ಬಂದು 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ 2022-23ರಲ್ಲಿ ಮತ್ತೆ ಶುರುವಾಯಿತಲ್ಲ, ಆಗ ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಗೊತ್ತುಮಾಡಿದರು. ಆಪರೇಷನ್ನಿನ ಖರ್ಚು ನೋಡಿದವರಿಗೆ ಇದರ ಬೆಲೆ ಗೊತ್ತು. ಅದೂ ಸಹಕಾರ ಸಂಘದ ಸದಸ್ಯರಿಗೇ.

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ, ನಗಬೇಡಿ. ನಮ್ಮ ತಾಯಿ ಕೊಟ್ಟ ಮುಕ್ಕಾಲು ಎಕರೆ ನನ್ನ ಹೆಸರಲ್ಲಿದೆ, ಅದರ ಮೇಲೆ ನಾನು ಸದಸ್ಯೆಯಾಗಿ ಹನ್ನೊಂದು ವರ್ಷ. ಒಂದು ದಿನವೂ ಮಹಾಸಭೆಗೆ ಹೋದವಳಲ್ಲ. ನಮ್ಮೆಜಮಾನ್ರು ಹೋಗಿ, ಸಭೆಯಲ್ಲಿ ಕೊಟ್ಟ ಖಾರ, ಮೈಸೂರು ಪಾಕಿನ ಪೊಟ್ಟಣ ತಂದುಕೊಡುತ್ತಿದ್ದರು. ನನಗೆ ಅದೇ ಮಹಾಸಭೆ! ಚುನಾವಣೆ ಬಂದಾಗ ಪಟ್ಟಿ ನೋಡಿದರೆ ನನ್ನ ಹೆಸರು ಅನರ್ಹರ ಜೊತೆ ಇತ್ತು.

2012ರಲ್ಲಿ ಸಂವಿಧಾನಕ್ಕೆ 97ನೇ ತಿದ್ದುಪಡಿ ಬಂದ ಮೇಲೆ ಸಭೆಗೆ ಬಾರದವರಿಗೆ, ಸಂಘದ ಜೊತೆ ವ್ಯವಹಾರವೇ ಮಾಡದವರಿಗೆ ಓಟಿಲ್ಲ ಅನ್ನುವ ನಿಯಮ ಬಂತು. ಐದು ವಾರ್ಷಿಕ ಸಭೆಗಳಲ್ಲಿ ಎರಡಕ್ಕಾದರೂ ಬಂದಿರಬೇಕು ಅಂತ ನಮ್ಮಲ್ಲಿ ಹೇಳಿದರು. ಈ ವಿಚಾರ ಕೋರ್ಟಿನವರೆಗೂ ಹೋಗಿದೆ. ಅದೇನೇ ಆಗಲಿ, ಹಾಜರಿ ಪುಸ್ತಕದಲ್ಲಿ ನಿಮ್ಮ ರುಜು ಇದ್ದರೆ ಯಾರೂ ಬೆರಳು ತೋರಿಸುವಂತಿಲ್ಲ. ಸಾಲ ಸುಸ್ತಿಯಾದವರಿಗೂ ಓಟಿಲ್ಲ. ಓಟು ಹೋದರೆ ಸದಸ್ಯತ್ವವೇ ಹೋಯಿತು ಅಂದುಕೊಂಡು ಷೇರು ವಾಪಸು ತೆಗೆಯಬೇಡಿ. ಅವೆರಡೂ ಬೇರೆ ಬೇರೆ. ಒಂದು ಷೇರಿನವಳಿಗೂ ನೂರು ಷೇರಿನ ಸಾಹುಕಾರನಿಗೂ ಒಂದೇ ಓಟು, ನನಗೆ ಬಹಳ ಹಿಡಿಸಿದ್ದು ಇದು. ಆಡಳಿತ ಮಂಡಳಿಯಲ್ಲಿ ಎರಡು ಸ್ಥಾನ ಹೆಂಗಸರಿಗೇ ಮೀಸಲು. ನಾವು ಹೋಗದಿದ್ದರೆ ಅಲ್ಲಿ ಕೂರುವುದು ಯಾರದೋ ಹೆಂಡತಿಯ ಹೆಸರು, ಮಾತಾಡುವುದು ಗಂಡ.

ನಮ್ಮ ದೇಶದಲ್ಲೇ ಹಳ್ಳಿಯ ಮೊದಲ ಪತ್ತಿನ ಸಂಘ ಹುಟ್ಟಿದ್ದು 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ನೂರು ವರ್ಷ ದಾಟಿದ ಮೇಲೂ ನಮ್ಮ ಹುಣಸೂರು, ಕೋಟೆ, ಕೆ.ಆರ್. ನಗರದ ಹೆಣ್ಣುಮಕ್ಕಳು ಬಾಗಿಲಲ್ಲೇ ನಿಂತಿದ್ದೇವೆ.

ಹೋದ ವರ್ಷ ನಾನು ಸಭೆಗೆ ಹೋದೆ. ಹೆಂಗಸರು ನಾಲ್ಕೇ ಜನ, ಹಿಂದಿನ ಬೆಂಚು. ರುಜು ಹಾಕಿ, "ನನ್ನ ಷೇರಿಗೆ ನಾಮಿನಿ ಯಾರಿದ್ದಾರೆ ನೋಡಿ ಸಾರ್" ಅಂದೆ. ಪುಸ್ತಕದಲ್ಲಿ ಆ ಜಾಗ ಖಾಲಿ! ಅಲ್ಲೇ ಫಾರಂ ಕೇಳಿ ಮಗಳ ಹೆಸರು ಬರೆಸಿದೆ. ನೀವೂ ನಿಮ್ಮದು, ಯಜಮಾನರದು ಎರಡನ್ನೂ ಇವತ್ತೇ ನೋಡಿಸಿ. ವಾರ್ಷಿಕ ಸಭೆ ಸೆಪ್ಟೆಂಬರ್ ಒಳಗೆ ಆಗಬೇಕು, ನೋಟೀಸು ಮನೆಗೆ ಬಂದರೆ ಒಲೆಗೆ ಹಾಕಬೇಡಿ.

ಪೊಟ್ಟಣದ ಮೈಸೂರು ಪಾಕು ಮಾತ್ರ ಕಲ್ಲಿನ ಹಾಗಿತ್ತು. ಮೆತ್ತಗೆ ಬರಲು ಪಾಕ ಹೇಗಿರಬೇಕು ಅನ್ನುವುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.