ಹಾಡುವುದು ಪೆಟ್ಟಿಗೆಯೊಂದೇ ಅಲ್ಲ

ಕಳೆದ ಮಾಘದಲ್ಲಿ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟವಾದ ಮೇಲೆ ಮನೆಯ ಯಜಮಾನರು ಹಾಲ್‌ನಲ್ಲಿ ನಿಲ್ಲಿಸಿದ್ದ ಎದೆಯೆತ್ತರದ ಎರಡು ಸ್ಪೀಕರ್‌ಗಳನ್ನು ತೋರಿಸಿ ಬೆಲೆ ಹೇಳಿದರು. ಆ ದುಡ್ಡಿಗೆ ಒಂದು ಸಣ್ಣ ಕಾರು ಬರುತ್ತದೆ. “ಜಾಗ ಎಂಥದಾದರೇನು? ಸ್ಪೀಕರ್‌ಗೆ ದುಡ್ಡು ಹಾಕಿದರೆ ಸಂಗೀತ ತಾನಾಗಿ ಬರುತ್ತೆ” ಅಂದರು. ಆಮೇಲೆ ಒಂದು ಕೀರ್ತನೆ ಹಾಕಿದರು. ಗಾಯಕಿಯ ದನಿ ನೆಲದ ಟೈಲ್ಸಿಗೂ ಬಾಲ್ಕನಿಯ ಗಾಜಿನ ಬಾಗಿಲಿಗೂ ಬಡಿದು ಚದುರಿತು. ಮೃದಂಗದ ತೊಪ್ಪಿಯ ನಾದ ಮೂಲೆಯಲ್ಲಿ ಸಿಕ್ಕಿಕೊಂಡು ಗುಂಯ್‌ಗುಟ್ಟಿತು. ರಾಗ ಯಾವುದೆಂದು ತಿಳಿಯಿತು, ಸಾಹಿತ್ಯ ತಿಳಿಯಲಿಲ್ಲ.

ಅವರ ಮಾತು ಅವರೊಬ್ಬರದಲ್ಲ. ಹೊಸ ಮನೆ ಕಟ್ಟಿದ, ಫ್ಲಾಟ್ ಕೊಂಡ ಎಷ್ಟೋ ಮಂದಿ ಹೀಗೇ ನಂಬಿದ್ದಾರೆ. ಈ ನಂಬಿಕೆ ತಪ್ಪು ಎನ್ನುವುದು ನನ್ನ ವಾದ. ಮನೆಯಲ್ಲಿ ನಮ್ಮ ಕಿವಿಗೆ ಬೀಳುವ ವಾದ್ಯದಲ್ಲಿ ಪೆಟ್ಟಿಗೆ ಅರ್ಧ, ಕೋಣೆ ಇನ್ನರ್ಧ. ಮೊದಲರ್ಧಕ್ಕೆ ಲಕ್ಷಗಟ್ಟಲೆ ಸುರಿದು ಎರಡನೆಯದನ್ನು ಮರೆಯುವುದು, ಉತ್ತಮ ವೀಣೆಗೆ ತಂತಿ ಬಿಗಿಯದೆ ನುಡಿಸಲು ಕೂತ ಹಾಗೆ.

ಕೋಣೆಯ ಈ ಪಾಲನ್ನು ಮೊದಲು ಲೆಕ್ಕಕ್ಕೆ ಇಳಿಸಿದವನ ಕತೆ ನನಗೆ ಬಹಳ ಪ್ರಿಯ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಕೋಣೆ ಸಿದ್ಧವಾಯಿತು. ಅಲ್ಲಿ ಒಂದು ಪದ ಉಚ್ಚರಿಸಿದರೆ ಅದರ ಅನುರಣನ ಐದೂವರೆ ಸೆಕೆಂಡಿನಷ್ಟು ಹೊತ್ತು ಉಳಿಯುತ್ತಿತ್ತು. ಅಷ್ಟರಲ್ಲಿ ಪ್ರಾಧ್ಯಾಪಕರು ಒಂದು ವಾಕ್ಯ ಮುಗಿಸಿರುತ್ತಿದ್ದರು. ಹೇಳಿದ್ದೆಲ್ಲ ಒಂದರ ಮೇಲೊಂದು ಬಿದ್ದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಇದನ್ನು ಸರಿಪಡಿಸುವ ಕೆಲಸ ವಾಲೇಸ್ ಸಬೈನ್ ಎಂಬ ತರುಣ ಭೌತಶಾಸ್ತ್ರಜ್ಞನ ಪಾಲಿಗೆ ಬಂತು. ಆತ ರಾತ್ರಿ ಊರು ಮಲಗಿದ ಮೇಲೆ ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊರಿಸಿಕೊಂಡು ಬರುತ್ತಿದ್ದ. ಕೋಣೆಯಲ್ಲಿ ಅವನ್ನು ಹಂತಹಂತವಾಗಿ ಹರಡಿ, ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ನಾದ ಕಿವಿಗೆ ಕೇಳದಾಗುವ ತನಕ ಗಡಿಯಾರ ಹಿಡಿದು ಎಣಿಸುತ್ತಿದ್ದ. ಬೆಳಗಾಗುವುದರೊಳಗೆ ಮೆತ್ತೆಗಳು ತಮ್ಮ ಜಾಗಕ್ಕೆ ಮರಳಬೇಕಿತ್ತು. ಇಂಥ ಎಷ್ಟೋ ರಾತ್ರಿಗಳ ಫಲವಾಗಿ ಒಂದು ಸೂತ್ರ ಸಿಕ್ಕಿತು: ಕೋಣೆ ಹಿಗ್ಗಿದಷ್ಟೂ ಅನುರಣನ ಬೆಳೆಯುತ್ತದೆ, ಒಳಗಿನ ವಸ್ತುಗಳು ನಾದವನ್ನು ಹೀರಿದಷ್ಟೂ ಅದು ಕುಗ್ಗುತ್ತದೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಲೆಕ್ಕದ ನೆರವಿನಿಂದ ಕಟ್ಟಿದ್ದು. ಇಂದಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಸಾಲಿನಲ್ಲಿದೆ.

ನಾದ ಹೀರುವುದನ್ನು ಅಳೆಯಲು ಸಬೈನ್ ಆರಿಸಿಕೊಂಡ ಮಾನ ತೆರೆದ ಕಿಟಕಿ. ಅದರಾಚೆ ಹೋದ ನಾದ ಹಿಂದಿರುಗುವುದಿಲ್ಲವಾದ್ದರಿಂದ ಅದನ್ನು ಪೂರ್ಣ ಹೀರಿಕೆ ಎಂದು ಎಣಿಸಿದ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಜ್ಜನ ಮನೆಯ ಪಡಸಾಲೆ. ಮೇಲೆ ಮಂಗಳೂರು ಹಂಚು, ಒಂದು ಬದಿ ಅಂಗಳಕ್ಕೆ ತೆರೆದಿತ್ತು. ನೆಲಕ್ಕೆ ಜಮಖಾನ, ಗೋಡೆಗೆ ಒರಗಿಸಿದ ಹಾಸಿಗೆಯ ಸುರುಳಿಗಳು, ಜೊತೆಗೆ ಹತ್ತಾರು ಜನ. ಅಲ್ಲಿ ಒಂದು ಸಾಧಾರಣ ರೇಡಿಯೋದಲ್ಲಿ ಕೇಳಿದ ಸಂಗೀತದ ಪ್ರತಿ ಅಕ್ಷರವೂ ತಿಳಿಯುತ್ತಿತ್ತು. ಇಂದಿನ ಹಾಲ್‌ಗೆ ಕಾಂಕ್ರೀಟಿನ ತಾರಸಿ, ನುಣುಪಾದ ಟೈಲ್ಸ್, ಉದ್ದನೆಯ ಗಾಜು. ಖಾಲಿ ಫ್ಲಾಟಿನಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಅದು ನಿಮಗೇ ಉತ್ತರ ಕೊಡುತ್ತದೆ.

ಮಂದ್ರದ ನಾದದ ಪಾಡು ಬೇರೆ. ಅದನ್ನು ಜಮಖಾನವೂ ಹಿಡಿಯಲಾರದು, ಪರದೆಯೂ ಹಿಡಿಯಲಾರದು. ಗಾಳಿಯಲ್ಲಿ ನಾದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ಹಾಗಾಗಿ 40 ಹರ್ಟ್ಸ್‌ನ ಅಲೆಯ ಉದ್ದ 28 ಅಡಿ, ಅದರ ಅರ್ಧ 14 ಅಡಿ. ಹಾಲ್‌ನ ಒಂದು ಬದಿ 14 ಅಡಿಯಿದ್ದರೆ ಆ ಅಲೆ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಬಳಿ ಕೂತವರಿಗೆ ಅದು ಉಬ್ಬಿ ಕೇಳುತ್ತದೆ, ನಟ್ಟನಡುವೆ ಕೂತವರಿಗೆ ಬಹುಪಾಲು ಮಾಯ. ಇದರ ದುಪ್ಪಟ್ಟಾದ 80 ಹರ್ಟ್ಸ್‌ಗೆ ಉಬ್ಬುತಗ್ಗಿನ ಜಾಗಗಳೇ ಬೇರೆ. ನಮ್ಮ ಮನೆಗಳಲ್ಲಿ ಸೋಫಾ ಗೋಡೆಗೆ ಅಂಟಿಕೊಂಡೇ ಇರುತ್ತದೆ, ಸ್ಪೀಕರ್‌ಗಳು ಮೂಲೆ ಸೇರುತ್ತವೆ ಅಥವಾ ಶೋಕೇಸಿನೊಳಗೆ ಹೋಗುತ್ತವೆ. ಎಂಥ ಬೆಲೆಯ ಪೆಟ್ಟಿಗೆಯಾದರೂ ಈ ಗಣಿತದ ಮುಂದೆ ತಲೆಬಾಗಲೇಬೇಕು. ಸೋಫಾವನ್ನು ಎರಡಡಿ ಮುಂದೆ ಎಳೆಯುವುದಕ್ಕೆ ಖರ್ಚಿಲ್ಲ, ಆದರೆ ಅದು ಮಾಡುವ ವ್ಯತ್ಯಾಸವನ್ನು ಕೆಲವೊಮ್ಮೆ ಲಕ್ಷ ರೂಪಾಯಿಯೂ ಮಾಡಲಾರದು.

ಇದಕ್ಕೆ ಗೌರವದಿಂದ ಕೇಳಬೇಕಾದ ಎದುರುವಾದವೊಂದಿದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ವರ್ಷಗಟ್ಟಲೆ ಸ್ಪೀಕರ್‌ಗಳನ್ನು ಪರೀಕ್ಷಿಸಿದ ಫ್ಲಾಯ್ಡ್ ಟೂಲ್ ಹೇಳುವುದಿದು: ನಮ್ಮ ಮಿದುಳು ಕೋಣೆಗೆ ಬೇಗ ಹೊಂದಿಕೊಂಡು, ಅದರ ಆಚೆಗಿನ ಮೂಲನಾದವನ್ನು ಗುರುತಿಸುತ್ತದೆ, ನೇರಕ್ಕೂ ಪಕ್ಕಕ್ಕೂ ಏರುಪೇರಿಲ್ಲದೆ ನಾದ ಹೊಮ್ಮಿಸುವ ಪೆಟ್ಟಿಗೆ ಹಲವು ಬಗೆಯ ಕೋಣೆಗಳಲ್ಲಿ ಗೆಲ್ಲುತ್ತದೆ. ಗೆಳೆಯರು ಪಕ್ಕದ ಕೋಣೆಯಿಂದ ಮಾತಾಡಿದರೂ ಅದು ಅವರದೇ ದನಿ ಎಂದು ನಮಗೆ ತಿಳಿಯುವುದಿಲ್ಲವೇ? ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೆಟ್ಟ ಪೆಟ್ಟಿಗೆಯನ್ನು ಯಾವ ಜಮಖಾನವೂ ಉದ್ಧರಿಸದು. ಆದರೆ ಕೆಲವು ನೂರು ಹರ್ಟ್ಸ್‌ನಿಂದ ಕೆಳಗೆ ಆಳುವುದು ಕೋಣೆಯೇ ಎಂದು ಟೂಲ್ ಅವರೂ ಹೇಳುತ್ತಾರೆ. ಇನ್ನೊಂದು ಮಾತು: ಅವರು ಹೇಳುವ ಆ ಗುಣ ಬೆಲೆಯ ಜೊತೆಜೊತೆಗೇ ಏರುವಂಥದಲ್ಲ. 1994ರಲ್ಲಿ ಅವರೂ ಶಾನ್ ಆಲಿವ್ ಅವರೂ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಕೇಳುಗರಿಗೆ ಒಂದೇ ಸ್ಪೀಕರ್‌ಗಳನ್ನು ತೆರೆಯ ಹಿಂದಿಟ್ಟು ಒಮ್ಮೆ, ಕಣ್ಣಿಗೆ ಕಾಣುವಂತೆ ಒಮ್ಮೆ ಕೇಳಿಸಿದರು. ಕಂಡಾಗ ದೊಡ್ಡ, ಚೆಂದದ ಪೆಟ್ಟಿಗೆಗಳಿಗೆ ಅಂಕ ಏರಿತು, ಸಣ್ಣದಕ್ಕೆ ಇಳಿಯಿತು. ಪಳಗಿದ ಕಿವಿಗಳಿಗೂ ಈ ಮೋಸ ತಪ್ಪಲಿಲ್ಲ. ಹೊಳೆಯುವ ಶೋರೂಮಿನಲ್ಲಿ ನಾವು ಆರಿಸುವುದು ಬಹಳ ಸಲ ಕಣ್ಣಿನಿಂದ.

ಲಕ್ಷ ರೂಪಾಯಿಯ ಸ್ಪೀಕರ್ ವೈರು ಗಮಕಕ್ಕೆ ಜೀವ ತುಂಬುತ್ತದೆ ಎನ್ನುವ ವಾದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ.

ಹೈ-ಎಂಡ್ ಲೋಕದ ಆದರ್ಶವನ್ನೂ ನಾವು ಯೋಚಿಸದೆ ಸಾಲ ತಂದುಕೊಂಡಿದ್ದೇವೆ. ಮೈಕಿಲ್ಲದ ಸಭಾಂಗಣದಲ್ಲಿ ಹರಡಿ ಕೂತ ನೂರು ವಾದ್ಯಗಳ ವಾದ್ಯವೃಂದವನ್ನು ಮನೆಯಲ್ಲಿ ಮರುಸೃಷ್ಟಿಸುವುದು ಆ ಆದರ್ಶ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಅದು ಸರಿಯಾದ ಅಳತೆಗೋಲು. ನಮ್ಮ ಕಚೇರಿಗೆ? ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದ ಬೆಂಗಳೂರಿನ ರಾಮೋತ್ಸವವನ್ನೇ ನೋಡಿ. ಚಾಮರಾಜಪೇಟೆಯ ಚಪ್ಪರದಲ್ಲಿ ಸಾವಿರಾರು ಜನ ಸಂಗೀತ ಕೇಳಿದ್ದು ಮೈಕಿನ ಮೂಲಕ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಮೊದಮೊದಲ ಗ್ರಾಮೊಫೋನ್ ತಟ್ಟೆಗಳು ಒಂದೇ ಮೈಕಿನ ಮೊನೊ. ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದದ್ದೇ 1958ರ ಸುಮಾರಿಗೆ. ಆ ಮೊನೊ ತಟ್ಟೆಗಳಲ್ಲಿ ಎಡಬಲಗಳೂ ಇಲ್ಲ, ನೆಲ ನಡುಗಿಸುವ ಮಂದ್ರವೂ ಇಲ್ಲ. ಇರುವುದು ಮನುಷ್ಯನ ಕಂಠ. ಅದು ಹೊರುವ ಶ್ರುತಿ, ಉಸಿರು, ಅಕ್ಷರ, ಇವಿಷ್ಟೇ ಸಂಗೀತದ ಸಾರ. ನಮ್ಮಂಥ ಕೇಳುಗರಿಗೆ ಸ್ಪೀಕರ್ ಮೊದಲು ಕೊಡಬೇಕಾದದ್ದು ಇದನ್ನು.

ಕಂಠಕ್ಕೆ ಮಹಡಿಯಷ್ಟು ದೊಡ್ಡ ಪೆಟ್ಟಿಗೆ ಬೇಕಿಲ್ಲ. ಬ್ರಿಟನ್ನಿನ ಬಿಬಿಸಿ 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನಗಳಿಗಾಗಿ ಎಲ್ಎಸ್3/5ಎ ಎಂಬ ಸ್ಪೀಕರನ್ನು ರೂಪಿಸಿತು. ಎತ್ತರ ಒಂದಡಿ. ಇಕ್ಕಟ್ಟಾದ ವ್ಯಾನಿನೊಳಗೆ ಕೂತ ಎಂಜಿನಿಯರನಿಗೆ ದನಿ ನಿಜವಾಗಿ ಕೇಳಬೇಕು ಎನ್ನುವುದೇ ಅದರ ಗುರಿ. ಅದರಿಂದ ಭಾರೀ ಮಂದ್ರ ಬರುವುದಿಲ್ಲ, ಆದರೂ ಅರ್ಧ ಶತಮಾನದ ಬಳಿಕ ಜನ ಅದನ್ನು ಹುಡುಕಿ ಕೊಳ್ಳುತ್ತಾರೆ. ಜಾಗವನ್ನು ಮೊದಲು ನೋಡಿ ಆಮೇಲೆ ಪೆಟ್ಟಿಗೆ ಮಾಡಿದವರ ವಿವೇಕ ಅದು.

ಹಾಗಾದರೆ ದುಬಾರಿ ಸ್ಪೀಕರ್ ಕೊಳ್ಳುವುದು ತಪ್ಪೇ? ಇಲ್ಲ. ಒಳ್ಳೆಯ ಮರಗೆಲಸ, ಕೈಯಿಂದ ಜೋಡಿಸಿದ ಕುಸುರಿ ಇವನ್ನು ಪ್ರೀತಿಸಿ ಕೊಂಡರೆ ನನ್ನ ಆಕ್ಷೇಪವಿಲ್ಲ. ಆ ಪ್ರೀತಿ ಕಿವಿಯ ಜಾಗಕ್ಕೆ ಬಂದು ಕೂರಬಾರದು, ಅಷ್ಟೆ. ಕಳೆದ ವರ್ಷ ನಮ್ಮ ಮನೆಗೆ ಆರಿಸುವಾಗ ಅಂಗಡಿಯವರಿಂದ ಎರಡು ಜೊತೆ ತರಿಸಿ, ಎರಡಕ್ಕೂ ತೆಳುವಾದ ಪಂಚೆ ಹೊದಿಸಿದೆ. ತುಸು ಜೋರಾಗಿರುವುದೇ ಚೆನ್ನ ಎಂದು ಕಿವಿ ತೀರ್ಪು ಕೊಟ್ಟುಬಿಡುವುದರಿಂದ ಎರಡರ ದನಿಯನ್ನೂ ಸಮ ಮಾಡಿದೆ. ಸಂಗೀತ ಪಾಠ ಹೇಳುವ ಅತ್ತಿಗೆಯನ್ನು ಕೂರಿಸಿ, ಯಾವುದು ನುಡಿಯುತ್ತಿದೆ ಎಂದು ಹೇಳದೆ ಒಂದು ದೇವರನಾಮ ಹಾಕಿದೆ. ಅರ್ಧ ಗಂಟೆ ಕೇಳಿದ ಮೇಲೆ ಅವರು, “ಎರಡನೇದೇ ಇರಲಿ ಕಣಪ್ಪ, ಅದರಲ್ಲಿ ಸಾಹಿತ್ಯ ಕೇಳುತ್ತೆ” ಎಂದರು. ಪಂಚೆ ತೆಗೆದಾಗ ಅದು ಬೆಲೆಯಲ್ಲಿ ಮೂರರಲ್ಲೊಂದು ಪಾಲಿನ ಜೊತೆ.

ಬಂಧುಗಳಿಗೆ ಇಷ್ಟನ್ನೂ ಹೇಳಿದೆ. ಅವರು ದೊಡ್ಡ ಮನಸ್ಸಿನವರು, ಬೇಸರಿಸಲಿಲ್ಲ. ಮೊನ್ನೆ ಹೋದಾಗ ಅದೇ ಸ್ಪೀಕರ್‌ಗಳು ಮೂಲೆ ಬಿಟ್ಟು ಮೂರಡಿ ಮುಂದೆ ಬಂದಿದ್ದವು. ನೆಲಕ್ಕೆ ನವಲಗುಂದದ ಜಮಖಾನ, ಗಾಜಿಗೆ ದಪ್ಪ ಪರದೆ, ಖಾಲಿ ಗೋಡೆಗೆ ಅವರ ತಂದೆಯ ಪುಸ್ತಕದ ಕಪಾಟು. ಹಿಂದಿನ ಕೀರ್ತನೆಯನ್ನೇ ಹಾಕಿದರು. ಪಲ್ಲವಿಯ ಎರಡನೆಯ ಸಾಲಿಗೆ ಒಳಗಿನಿಂದ ಅವರ ತಾಯಿ ದನಿಗೂಡಿಸಿದರು. ಅಡುಗೆಮನೆಯ ತನಕ ಸಾಹಿತ್ಯ ತಲುಪಿತ್ತು.