ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಡಬೇಡಿ

ಬೀರುವಿನ ಬೀಗದಕೈಯನ್ನು ಯಾರ ಕೈಗೂ ಕೊಡದ ನಾವು, ಮನೆಯ ಕಂಪ್ಯೂಟರನ್ನು ಮಾತ್ರ ರಿಪೇರಿಯವನಿಗೆ ಎಷ್ಟು ಸಲೀಸಾಗಿ ಒಪ್ಪಿಸಿಬಿಡುತ್ತೇವೆ! 'ಹಾರ್ಡ್ ಡಿಸ್ಕ್ ಹಳತಾಯ್ತು ಮೇಡಂ, ಹೊಸದು ಹಾಕ್ತೀನಿ, ಒಳಗಿರೋದೆಲ್ಲ ಹೋಗುತ್ತೆ' ಎಂದು ನನಗೂ ಒಬ್ಬರು ಹೇಳಿದರು. ಏಕೆ ಹೋಗಬೇಕು? ಮಗಳ ಮದುವೆಯ ಫೋಟೋ, ಬ್ಯಾಂಕಿನ ಕಾಗದಪತ್ರ, 20 ವರ್ಷಗಳ ಪ್ರಶ್ನೆಪತ್ರಿಕೆಗಳು ಹೋಗಲೇಬೇಕೆಂದು ಯಾವ ಶಾಸ್ತ್ರ ಹೇಳಿದೆ?

ಹಳೆಯ ಡಿಸ್ಕ್ ಕೆಟ್ಟು ನಿಂತಿರದಿದ್ದರೆ, ಅದರಲ್ಲಿರುವುದನ್ನು ವಿಂಡೋಸ್ ಸಮೇತ ಹೊಸದಕ್ಕೆ ಯಥಾವತ್ತಾಗಿ ಇಳಿಸಬಹುದು. ಇದಕ್ಕೆ ಕ್ಲೋನಿಂಗ್ ಎನ್ನುತ್ತಾರೆ. ಹೊಸ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿದರಾಯಿತು. ಕ್ಲೋನ್‌ಜಿಲ್ಲಾದಂಥ ತಂತ್ರಾಂಶ ಪುಕ್ಕಟೆಯಾಗಿಯೇ ಸಿಗುತ್ತದೆ. ಹೊಸದು ಹಳೆಯದರಷ್ಟಾದರೂ ದೊಡ್ಡದಿರಲಿ. ಮುಖ್ಯವಾದವನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ಯಾವುದರಿಂದ ಯಾವುದಕ್ಕೆ ಎಂಬುದನ್ನು ಎರಡೆರಡು ಸಲ ನೋಡಿ. ಅದಲುಬದಲಾದರೆ ತುಂಬಿದ ಡಿಸ್ಕೇ ಬರಿದಾದೀತು. ಹಪ್ಪಳದ ಹಿಟ್ಟಿನ ಹದ ಬಲ್ಲವರಿಗೆ ಇದೇನು ಬ್ರಹ್ಮವಿದ್ಯೆಯಲ್ಲ. ಆದರೆ ಅಂಗಡಿಯವನಿಗೆ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದು ಸುಲಭ; ಹೋಗುವುದು ಅವನ ಮನೆಯ ಫೋಟೋಗಳಲ್ಲವಲ್ಲ!

ಇದಕ್ಕಿಂತ ದೊಡ್ಡ ಅಪಾಯ, ಕಳಚಿದ ಹಳೆಯ ಡಿಸ್ಕನ್ನು ಅಲ್ಲೇ ಬಿಟ್ಟು ಬರುವುದು. ನಕಲು ತೆಗೆದ ಮಾತ್ರಕ್ಕೆ ಮೂಲ ಖಾಲಿಯಾಗುವುದಿಲ್ಲ. 'ಫಾರ್ಮ್ಯಾಟ್ ಮಾಡಿದೀನಿ' ಎಂದರೂ ನಂಬಬೇಡಿ. ಅವಸರದ ಫಾರ್ಮ್ಯಾಟಿನಲ್ಲಿ ಹೋಗುವುದು ವಿಷಯಸೂಚಿ ಮಾತ್ರ; ಪುಟಗಳು ಹಾಗೆಯೇ ಉಳಿದಿರುತ್ತವೆ, ಬಲ್ಲವರು ಅವನ್ನು ಹೊರತೆಗೆಯಬಲ್ಲರು. ನಮ್ಮ ಹೆಣ್ಣುಮಕ್ಕಳ ಫೋಟೋಗಳು ಯಾರ ಕೈಗೆ ಸೇರುತ್ತವೆಂದು ಯಾರು ಬಲ್ಲರು?

'ನಿಮಗ್ಯಾಕೆ ಮೇಡಂ ಈ ತಲೆನೋವು' ಎಂದರೆ ಸಂಕೋಚಪಡಬೇಡಿ. ಕ್ಲೋನ್ ಮಾಡಿಕೊಡಿ ಎನ್ನಿ, ಇಲ್ಲವೇ ನೀವೇ ಕಲಿಯಿರಿ. ಹಳೆಯ ಡಿಸ್ಕನ್ನು ಮಾತ್ರ ಕೇಳಿ ಇಸಿದುಕೊಂಡೇ ಅಂಗಡಿಯ ಮೆಟ್ಟಿಲಿಳಿಯಿರಿ.