ಕಾಲು ಗಂಟೆಯ ಬಣ್ಣಕ್ಕೆ ಪುರುಸೊತ್ತಿಲ್ಲ, ಐದು ದಿನದ ಮಾತ್ರೆಗೆ ಇದೆ!

ಕಣ್ಣಿಗೆ ಕಾಣದ ಲೋಕ | ಕಂತು 7

ಮೊದಲ ಫೋಟೋ ನೋಡಿ. ದ್ರಾಕ್ಷಿ ಗೊಂಚಲಿನ ಹಾಗೆ ನೇರಳೆ ಚುಕ್ಕಿಗಳು. ಅದು ಸ್ಟ್ಯಾಫಿಲೋಕಾಕಸ್. ಈಗ ಸ್ವೈಪ್ ಮಾಡಿ. ಗುಲಾಬಿ ಬಣ್ಣದ ಪುಟ್ಟ ಕಡ್ಡಿಗಳು. ಅದು ಇ. ಕೋಲೈ. ಎರಡೂ ಲ್ಯಾಬಿನಲ್ಲಿ ಬೆಳೆಸಿದ್ದು. ಹಾಕಿದ ಬಣ್ಣ ಒಂದೇ, ಹಾಕಿದ ಕ್ರಮವೂ ಒಂದೇ. ಆದರೂ ಒಂದು ನೇರಳೆ, ಒಂದು ಗುಲಾಬಿ.

ಇದೇ ಗ್ರಾಂ ಸ್ಟೇನಿಂಗ್. ಬಿಎಸ್ಸಿ ಓದಿದವರಿಗೆ ನೆನಪಿರಬೇಕು: ಸ್ಲೈಡ್ ಮಾಡು, ರೆಕಾರ್ಡ್ ಬುಕ್‌ನಲ್ಲಿ ಚಿತ್ರ ಬರಿ, ಸಹಿ ಹಾಕಿಸ್ಕೋ, ಮರೆತುಬಿಡು. ನನ್ನ ತಕರಾರು ಇರೋದು ಈ "ಮರೆತುಬಿಡು" ಅನ್ನೋದರ ಮೇಲೆ. ಇದು ಪರೀಕ್ಷೆಯ ಶಾಸ್ತ್ರ ಅಲ್ಲ ಕಣ್ರೀ. ನಿಮ್ಮ ಮನೆಯ ಔಷಧದ ಡಬ್ಬಿಗೆ ನೇರ ಸಂಬಂಧ ಇರೋ ವಿಷಯ.

🔬 ಮಾಡೋದು ಹೇಗೆ?
ಸ್ಲೈಡಿನ ಮೇಲೆ ಮಾದರಿಯನ್ನು ತೆಳ್ಳಗೆ ಹಚ್ಚಿ, ಒಣಗಿಸಿ, ಸ್ವಲ್ಪ ಬಿಸಿ ತೋರಿಸಬೇಕು. ಕ್ರಿಸ್ಟಲ್ ವೈಲೆಟ್ ಒಂದು ನಿಮಿಷ. ಅಯೋಡಿನ್ ಒಂದು ನಿಮಿಷ. ಆಮೇಲೆ ಆಲ್ಕೋಹಾಲ್, ಬರೀ ಕೆಲವು ಸೆಕೆಂಡು. ಕೊನೆಗೆ ಸಫ್ರನಿನ್. ಗೋಡೆ ದಪ್ಪ ಇರೋ ಬ್ಯಾಕ್ಟೀರಿಯಾ ನೇರಳೆಯನ್ನು ಬಿಡೋದಿಲ್ಲ: ಗ್ರಾಂ ಪಾಸಿಟಿವ್. ಗೋಡೆ ತೆಳು, ಹೊರಗೆ ಕೊಬ್ಬಿನ ಪೊರೆ ಇರೋದು ನೇರಳೆ ಕಳಕೊಂಡು ಗುಲಾಬಿ ಆಗುತ್ತೆ: ಗ್ರಾಂ ನೆಗೆಟಿವ್.

1884ರಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್‌ನಲ್ಲಿದ್ದಾಗ ಈ ವಿಧಾನವನ್ನು ಪ್ರಕಟಿಸಿದರು. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣಬೇಕು ಅನ್ನೋದಷ್ಟೇ ಅವರ ಉದ್ದೇಶ. 140 ವರ್ಷ ಆಯ್ತು, ಇನ್ನೂ ಇದರ ಕೆಲಸ ಮುಗಿದಿಲ್ಲ.

ಯಾಕೆ? ಗೋಡೆ ಬೇರೆ ಆದರೆ ಔಷಧವೂ ಬೇರೆ ಆಗಬಹುದು. ವ್ಯಾಂಕೋಮೈಸಿನ್ ದೊಡ್ಡ ಅಣು. ಗ್ರಾಂ ನೆಗೆಟಿವ್‌ನ ಹೊರಪೊರೆ ದಾಟಿ ಒಳಗೆ ಹೋಗೋಕೆ ಅದಕ್ಕೆ ಆಗೋದೇ ಇಲ್ಲ. ಎಷ್ಟು ದುಬಾರಿ ಇಂಜೆಕ್ಷನ್ ಆದ್ರೇನು, ಬಾಗಿಲೇ ಇಲ್ಲದ ಮನೆಗೆ ಬೀಗದ ಕೈ ತಂದ ಹಾಗೆ.

ಈಗ ನಾವು ಮಾಡೋದನ್ನ ನೋಡಿ. ಮೆಡಿಕಲ್ ಶಾಪಿಗೆ ಹೋಗಿ, "ಅಣ್ಣಾ, ಕೆಮ್ಮು ಜ್ವರಕ್ಕೆ ಏನಾದ್ರೂ ಸ್ಟ್ರಾಂಗ್ ಆಗಿರೋದು ಕೊಡಿ." ಅವರೂ ಕೊಡ್ತಾರೆ. ವೈರಸ್ಸೋ, ಬ್ಯಾಕ್ಟೀರಿಯಾವೋ, ನೇರಳೆಯೋ, ಗುಲಾಬಿಯೋ, ಕೇಳೋರಿಲ್ಲ. ಕತ್ತಲಲ್ಲಿ ಕಲ್ಲು ಎಸೆಯೋದು ಅಂದ್ರೆ ಇದೇ. ಆ ಕಲ್ಲಿಗೆ ಬಗ್ಗದೆ ಉಳಿದ ಬ್ಯಾಕ್ಟೀರಿಯಾ ಬೆಳೀತಾ ಹೋಗುತ್ತೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರು ಅಂತ 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ ಅಂದಾಜಿಸಿದೆ.

"ಕಲ್ಚರ್ ಮಾಡಿಸ್ತೀವಲ್ಲ" ಅಂತೀರಾ? ಮಾಡಿಸಲೇಬೇಕು. ಆದರೆ ಅದು ಬೆಳೆದು, ಯಾವ ಔಷಧಕ್ಕೆ ಬಗ್ಗುತ್ತೆ ಅಂತ ಗೊತ್ತಾಗೋಕೆ ಎರಡು ಮೂರು ದಿನ ಬೇಕು. ಗ್ರಾಂ ಸ್ಟೇನಿಗೆ ಕಾಲು ಗಂಟೆ ಸಾಕು.

"ಪಿಸಿಆರ್ ಇದೆಯಲ್ಲ" ಅಂತೀರಾ? ಪಿಸಿಆರ್ ನೀವು ಹುಡುಕು ಅಂದದ್ದನ್ನ ಮಾತ್ರ ಹುಡುಕುತ್ತೆ. ಸ್ಲೈಡು ಇರೋದನ್ನ ತೋರಿಸುತ್ತೆ. ಜೊತೆಗೆ ಕೀವಿನ ಕಣಗಳಿವೆಯಾ ಅನ್ನೋದನ್ನೂ.

ಹಾಗಂತ ಇದು ಸರ್ವರೋಗಕ್ಕೂ ಕನ್ನಡಿ ಅಲ್ಲ. ಕ್ಷಯದ ಬ್ಯಾಕ್ಟೀರಿಯಾ ಈ ಬಣ್ಣಕ್ಕೆ ಸರಿಯಾಗಿ ಸಿಗೋದಿಲ್ಲ. ಮೈಕೋಪ್ಲಾಸ್ಮಾಗೆ ಗೋಡೆಯೇ ಇಲ್ಲ. ಆಲ್ಕೋಹಾಲ್ ಸ್ವಲ್ಪ ಜಾಸ್ತಿ ಹೊತ್ತು ಬಿಟ್ಟರೆ ನೇರಳೆ ಆಗಬೇಕಾದ್ದೂ ಗುಲಾಬಿ ಆಗುತ್ತೆ. ಅಂದ್ರೆ ಸ್ಲೈಡಿನ ಬೆಲೆ ಲ್ಯಾಬ್ ಟೆಕ್ನೀಷಿಯನ್ ಕೈಯಲ್ಲಿದೆ. ಆ ಕೈಗೆ ನಾವು ಕೊಡೋ ಗೌರವ ಎಷ್ಟು ಅಂತ ಒಮ್ಮೆ ಯೋಚಿಸಿ. ಮಿದುಳು ಜ್ವರ, ಸೆಪ್ಸಿಸ್‌ನಂಥ ತುರ್ತಿನಲ್ಲಿ ವೈದ್ಯರು ರಿಪೋರ್ಟಿಗೆ ಕಾಯದೆ ಔಷಧ ಶುರು ಮಾಡ್ತಾರೆ. ಅದು ಸರಿ. ನನ್ನ ಜಗಳ ಅವರ ಜೊತೆ ಅಲ್ಲ. ಕಾಯೋಕೆ ಸಮಯ ಇದ್ದೂ ಕಣ್ಣು ಮುಚ್ಚಿ ಕೊಡೋರ ಜೊತೆ, ತಗೊಳ್ಳೋರ ಜೊತೆ.

ನೀವು ಮಾಡಬೇಕಾದ್ದು ಮೂರೇ:
1️⃣ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೇಳಬೇಡಿ.
2️⃣ ಕೀವು, ಕಫ ಇದ್ದಾಗ, "ಡಾಕ್ಟ್ರೇ, ಮೊದಲ ಡೋಸ್‌ಗೆ ಮುಂಚೆ ಸ್ಯಾಂಪಲ್ ಕಳಿಸಬಹುದಾ? ಗ್ರಾಂ ಸ್ಟೇನ್ ಉಪಯೋಗ ಆಗುತ್ತಾ?" ಅಂತ ವಿನಯದಿಂದ ಕೇಳಿ.
3️⃣ ಕಫ ಕೇಳಿದರೆ ಬಾಯಿ ತೊಳೆದು, ಎದೆಯಾಳದಿಂದ ಕೆಮ್ಮಿ ಕೊಡಿ. ಎಂಜಲು ಕೊಟ್ಟರೆ ಸ್ಲೈಡ್ ನಿಮ್ಮ ಬಾಯಿಯ ಕಥೆ ಹೇಳುತ್ತೆ, ಶ್ವಾಸಕೋಶದ್ದಲ್ಲ.

ತರಕಾರಿ ಕೊಳ್ಳುವಾಗ ತಿರುಗಿಸಿ ತಿರುಗಿಸಿ ನೋಡ್ತೀವಿ. ಮೈಯೊಳಗೆ ಇಳಿಸೋ ಔಷಧಕ್ಕೆ ಅಷ್ಟೂ ನೋಡಬಾರದಾ?

ಮುಂದಿನ ಕಂತು: ಕ್ಷಯಕ್ಕೆ ಬೇರೆಯೇ ಬಣ್ಣ ಯಾಕೆ? ಸೇವ್ ಮಾಡಿ, ಮನೆಯ ವಾಟ್ಸಾಪ್ ಗ್ರೂಪಿಗೆ ಕಳಿಸಿ 🙏

#ಕಣ್ಣಿಗೆಕಾಣದಲೋಕ #ಗ್ರಾಂಸ್ಟೇನ್ #ಕನ್ನಡದಲ್ಲಿವಿಜ್ಞಾನ